ತೋಳ ಮೂಸಿದ ಶಾಲು

“ಸೆಂಟು ಹಾಕ್ಕೊಂಡವರು ಒಳಗೆ ಬರೋ ಹಾಗಿಲ್ಲ,” ಎಂದು ತೋಳಧಾಮದ ಮೇಲ್ವಿಚಾರಕಿ ಬಾಗಿಲಿಗೆ ಅಡ್ಡ ನಿಂತಳು. “ತೋಳಗಳಿಗೆ ಆಗಲ್ಲ.”

ಅಳಿಯನ ಮುಖದ ನಗು ಇದ್ದಲ್ಲೇ ನಿಂತುಬಿಟ್ಟಿತು. ಅಷ್ಟು ಯೋಚಿಸಿ ಹೂಡಿದ ಉಪಾಯ, ಬೆಳಿಗ್ಗೆ ಕತ್ತಿಗೆ ಹಚ್ಚಿಕೊಂಡ ಹನಿ ಸೆಂಟಿನಿಂದ ಕೈತಪ್ಪುವುದೆಂದರೆ! ಆದರೆ ಅವನು ನಾಲ್ಕು ಜನರೆದುರು ದನಿ ಎತ್ತುವವನಲ್ಲ. ಮಾವನ ರಟ್ಟೆ ಹಿಡಿದು ಪಕ್ಕಕ್ಕೆ ಕರೆದೊಯ್ದ. ಪ್ಲಾಸ್ಟಿಕ್ ಚೀಲವೊಂದನ್ನು ಅವರ ಕೈಗಿಟ್ಟ.

“ನೀವೇ ಹೋಗಿ, ಮಾವ. ಮನುಷ್ಯರು ಸುಳ್ಳು ಹೇಳ್ತಾರೆ, ಪ್ರಾಣಿ ಹೇಳಲ್ಲ. ಅದೇನು ಮಾಡುತ್ತೆ ಅಂತ ಕಣ್ಣಿಟ್ಟು ನೋಡಿ.”

ಮಾವ ತಲೆಯಾಡಿಸಿದರು. ಅವರು ದರ್ಜಿ. ಜೀವನವಿಡೀ ಇನ್ನೊಬ್ಬರು ಹೇಳಿದ ಅಳತೆಗೇ ಹೊಲಿದವರು.

ಚೀಲದಲ್ಲಿದ್ದದ್ದು ಮಗಳ ಶಾಲು. ಅವಳು ಗಂಡನ ಮನೆಯಿಂದ ಕಾಣೆಯಾಗಿ ವರ್ಷವಾಗುತ್ತ ಬಂದಿತ್ತು. ಪೊಲೀಸ್ ಠಾಣೆ, ಆಸ್ಪತ್ರೆ, ಕೊನೆಗೆ ಶವಾಗಾರ, ಎಲ್ಲ ಕಡೆಗೂ ಮಾವ ಅಳಿಯ ಒಟ್ಟಿಗೇ ಅಲೆದಿದ್ದರು. ಪ್ರತಿ ಸಲ ಬಿಳಿ ಬಟ್ಟೆ ಸರಿಸುವಾಗಲೂ ದರ್ಜಿಯ ಜೀವ ಬಾಯಿಗೆ ಬರುತ್ತಿತ್ತು. ಅತ್ತ ಅವರ ಹೆಂಡತಿ ಮಗಳಿಗಾಗಿ ಕೊರಗಿ ಕೊರಗಿ ಹಾಸಿಗೆ ಹಿಡಿದಿದ್ದಳು. ಅಳಿಯ ಮಾತ್ರ ಕೈಚೆಲ್ಲಲಿಲ್ಲ. ಕೆಲಸಕ್ಕೆ ರಜೆ ಹಾಕಿ ಹುಡುಕಿದ. ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು ಬೀದಿಯವರೆಲ್ಲ ಹೊಗಳುವವರೇ.

ಹೀಗಿರುವಾಗ ಪತ್ರಿಕೆಯಲ್ಲಿ ಈ ತೋಳಧಾಮದ ಚಿತ್ರ ಬಂತು. ತೋಳಕ್ಕೆ ಮಾಂಸ ಕೊಡುತ್ತಿದ್ದ ಹೆಂಗಸೊಬ್ಬಳ ಬೆನ್ನು ಮಾತ್ರ ಕಾಣುತ್ತಿತ್ತು. “ಇವಳೇ,” ಎಂದ ಅಳಿಯ. ಫೋನು ಮಾಡಿದರೆ ಅಂಥವರು ಇಲ್ಲಿ ಯಾರೂ ಇಲ್ಲ ಎಂಬ ಉತ್ತರ. ಆದರೆ ಚಿತ್ರದ ಕೆಳಗೆ ಇನ್ನೊಂದು ಸಂಗತಿ ಇತ್ತು. ಇಲ್ಲಿ ಕೆಲಸಕ್ಕೆ ಸೇರುವವರು ಮೊದಲು ತಾವು ತೊಟ್ಟು ಬಿಟ್ಟ ಬಟ್ಟೆಯನ್ನು ತೋಳಗಳ ಆವರಣದಲ್ಲಿ ಇಡುತ್ತಾರಂತೆ. ಆ ವಾಸನೆ ಒಗ್ಗಿದ ಮೇಲೆಯೇ ತೋಳ ಅವರನ್ನು ಹತ್ತಿರ ಸೇರಿಸುವುದು. ಅಳಿಯನ ತಲೆ ಓಡಿದ್ದು ಅಲ್ಲೇ. ಅವಳು ಬಿಟ್ಟುಹೋದ ಶಾಲನ್ನು ಅವನು ಒಗೆಸಿರಲಿಲ್ಲ.

ಮೇಲ್ವಿಚಾರಕಿ ರಬ್ಬರ್ ಬೂಟು ಕೊಟ್ಟಳು. ಒಂದರ ಹಿಂದೊಂದು ಎರಡು ಬಾಗಿಲು. ಒಳಗಿನ ಆವರಣಕ್ಕೆ ಸುತ್ತಲೂ ಎತ್ತರದ ಹಲಗೆಗೋಡೆ. ಹೊರಗೆ ನಿಂತವರಿಗೆ ಏನೂ ಕಾಣದು. ಮೂಲೆಯಲ್ಲೊಂದು ಶೆಡ್ಡು, ಅದರ ಬಾಗಿಲು ಮುಚ್ಚಿತ್ತು.

“ದಿಮ್ಮಿ ಮೇಲೆ ಕೂತ್ಕೊಳ್ಳಿ, ಯಜಮಾನ್ರೇ. ಕೈ ಚಾಚಬೇಡಿ. ಅದೇ ಬರುತ್ತೆ, ಬಂದ್ರೆ.”

ದರ್ಜಿ ಶಾಲನ್ನು ಮಡಿಲಲ್ಲಿ ಹರವಿಕೊಂಡು ಕೂತರು. ಮಗಳು ಕೊನೆಯ ಸಲ ತವರಿಗೆ ಬಂದದ್ದು ನೆನಪಾಯಿತು. ಆ ಸುಡುಬೇಸಿಗೆಯಲ್ಲಿ ಮಣಿಕಟ್ಟಿನವರೆಗೂ ಮುಚ್ಚುವ ಅಂಗಿ ಹೊಲಿದುಕೊಡಪ್ಪ ಎಂದಿದ್ದಳು. ಹೊಲಿದುಕೊಟ್ಟು, ನಾಲ್ಕು ಬುದ್ಧಿಮಾತು ಹೇಳಿ, ತಾವೇ ಜೊತೆಗೆ ಹೋಗಿ ಗಂಡನ ಮನೆಗೆ ಬಿಟ್ಟು ಬಂದಿದ್ದರು. ಆಮೇಲೆ ಅವಳ ಮುಖ ಕಂಡಿಲ್ಲ.

ತೋಳ ಬಂದದ್ದು ಅವರಿಗೆ ಕೇಳಿಸಲೇ ಇಲ್ಲ. ತಲೆಯೆತ್ತಿದರೆ ಎದುರಿಗೇ ನಿಂತಿತ್ತು. ಹರಿದ ಕಿವಿಯ ಹೆಣ್ಣುತೋಳ, ಜೇನಿನ ಬಣ್ಣದ ಕಣ್ಣು. ಉಸಿರು ಬಿಸಿಯಾಗಿ ಮೊಣಕಾಲಿಗೆ ತಾಗುತ್ತಿತ್ತು. ದರ್ಜಿ ಗಟ್ಟಿಯಾಗಿ ಕಣ್ಣು ಮುಚ್ಚಿ, ನಂಬಿದ ದೇವರನ್ನೆಲ್ಲ ಬೇಡಿಕೊಂಡರು.

ತೋಳ ಶಾಲನ್ನು ಮೂಸಿತು. ಒಂದು ಗಳಿಗೆ ತಟಸ್ಥವಾಯಿತು. ಆಮೇಲೆ ಅದಕ್ಕೇನಾಯಿತೋ! ಕುಂಯ್‌ಗುಟ್ಟುತ್ತ ಮೂತಿಯನ್ನು ಶಾಲಿನೊಳಕ್ಕೆ ತೂರಿಸಿತು, ಕತ್ತು ಉಜ್ಜಿತು, ನೆಲಕ್ಕೆಳೆದು ಅದರ ಮೇಲೆ ಹೊರಳಾಡಿತು. ಮತ್ತೆ ಎದ್ದು ಶೆಡ್ಡಿನತ್ತ ಓಡಿ, ಮುಚ್ಚಿದ ಬಾಗಿಲನ್ನು ಪರಪರ ಕೆರೆಯಿತು. ಬಾಗಿಲ ಸಂದಿಯಲ್ಲಿ ಒಂದು ನೆರಳು ಸರಕ್ಕನೆ ಹಿಂದೆ ಸರಿಯಿತು.

“ಹಳೇ ಬಟ್ಟೆ ಕಂಡ್ರೆ ಎಲ್ಲದಕ್ಕೂ ಹೀಗೇ ಆಡ್ತವೆ,” ಎಂದಳು ಮೇಲ್ವಿಚಾರಕಿ. ಅವಳ ಮುಖ ಬಿಳಿಚಿಕೊಂಡಿತ್ತು.

ಬದುಕಿದ್ದಾಳೆ. ದರ್ಜಿಯ ಕಣ್ಣಿಂದ ನೀರು ದಳದಳ ಇಳಿಯಿತು. ‘ಪುಟ್ಟೀ’ ಎಂದು ಒಂದೇ ಒಂದು ಕೂಗು ಹಾಕಿದ್ದರೆ ಸಾಕಿತ್ತು. ಕೂಗು ಗಂಟಲವರೆಗೂ ಬಂತು. ಅದನ್ನು ನುಂಗಿಕೊಂಡು ಅವರು ಬಗ್ಗಿ ಶಾಲನ್ನು ಎತ್ತಿಕೊಂಡರು. ಅಂಟಿದ ಕೂದಲನ್ನು ಒಂದೊಂದಾಗಿ ಹೆಕ್ಕಿದರು. ಮಣ್ಣು ಕೊಡವಿದರು. ಜೊಲ್ಲನ್ನು ತಮ್ಮ ಅಂಗಿಯ ಚುಂಗಿನಿಂದ ಒತ್ತಿ ಒತ್ತಿ ಒರೆಸಿದರು. ಮೊದಲಿದ್ದ ಮಡಿಕೆಗೇ ಮಡಿಚಿ ಚೀಲಕ್ಕೆ ಹಾಕಿ, ಮುಖ ತೊಳೆಯಲು ನೀರು ಕೇಳಿದರು. ಮೇಲ್ವಿಚಾರಕಿಗೆ ಈ ಮನುಷ್ಯ ಅರ್ಥವಾಗಲಿಲ್ಲ.

ಹೊರಗೆ ಅಳಿಯ ಬಾಗಿಲಲ್ಲೇ ಕಾದಿದ್ದ. ಮತ್ತೆ ಅದೇ ರಟ್ಟೆಗೆ ಕೈ ಹಾಕಿದ.

“ಏನಾಯ್ತು?”

“ಮೂಸಿತು. ಹೋಗಿ ಮಲಗಿತು.”

“ಸರಿಯಾಗಿ ನೋಡಿದ್ರಾ, ಮಾವ?”

“ನನ್ನ ಮಗಳು ಕಣಪ್ಪ. ಅವಳು ಇದ್ದಿದ್ರೆ ಬಿಟ್ಟು ಬರ್ತಿದ್ನಾ?”

ಅಳಿಯ ಬಹಳ ಹೊತ್ತು ಅವರ ಕಣ್ಣನ್ನೇ ನೋಡಿದ. ಚೀಲ ತೆರೆದು ನೋಡಿದ. ಕೊನೆಗೆ ಕೈ ಸಡಿಲಿಸಿ, ಹಲ್ಲು ಕಚ್ಚಿಕೊಂಡೇ ಕಾರು ತರಲು ಹೋದ.

ದರ್ಜಿ ಬೂಟು ಕಳಚಿ ಮೇಲ್ವಿಚಾರಕಿಯ ಕೈಗಿಟ್ಟರು. ಕಾರು ಸದ್ದು ಮಾಡುವವರೆಗೂ ಕಾದರು. ಆಮೇಲೆ ತಲೆ ತಗ್ಗಿಸಿ, ಪಿಸುದನಿಯಲ್ಲಿ ಹೇಳಿದರು.

“ಈ ಸಲ ಅಪ್ಪ ಅವನ ಕೈಗೆ ಒಪ್ಪಿಸಲಿಲ್ಲ ಅಂತ ಅವಳಿಗೆ ಹೇಳಿಬಿಡಿ, ತಾಯಿ.”