ಬಸವನ ಪಟಕ್ಕೆ ಯಾರ ಹೆಸರು

ಕಲ್ಲಿನ ಬಸವನ ಪಟ ಮೂಡಿದ್ದ ಗಾಜಿನ ನೆಗೆಟಿವ್‌ನ ಮೂಲೆಯಲ್ಲಿ ತನ್ನ ಹೆಸರು ಗೀಚಲು ಸೂಜಿ ಎತ್ತಿದ ಫೋಟೋಗ್ರಾಫರ್ ದಾಸಣ್ಣನ ಕೈ ಅಲ್ಲೇ ನಿಂತಿತು. ಬೇರೆ ಯಾರೂ ಅಚ್ಚು ಹಾಕಿ ಮಾರದಿರಲೆಂದು ಪ್ರತಿ ಗಾಜಿನ ಮೇಲೂ ಅವನು ಹೆಸರು ಬರೆಯುತ್ತಿದ್ದ. ಆದರೆ ಕೊರಳಡಿ ಜೋಲುವ ಗಂಗೆದೊಗಲಿನ ಒಂದೊಂದು ಮಡಿಕೆಯೂ ಉಸಿರಾಡುವಂತಿದ್ದ ಈ ಬಸವನನ್ನು ಕಡೆದ ವೀರಾಚಾರಿ, ಪಟ ನೋಡಲು ತಾಳ್ಯದಿಂದ ದುರ್ಗದ ಅಂಗಡಿಗೆ ಬಂದು ಎದುರಿಗೇ ಕುಳಿತಿದ್ದ.

"ಆಚಾರ್ರೇ, ಕಲ್ಲಿನ ಮ್ಯಾಲೆ ನಿಮ್ಮ ಹೆಸ್ರು ಎಲ್ಲೂ ಕಾಣ್ಲಿಲ್ವಲ್ರಿ?"

"ಐತ್ರಿ. ಹೊಟ್ಟೆ ಅಡಿ ಕೆತ್ತೀನಿ. ಕೂರ್ಸಿದ ಮ್ಯಾಲೆ ಯಾರಿಗೂ ಕಾಣಲ್ಲ. ಕೈ ಮುಗಿಯೋರಿಗೆ ಬಸವಣ್ಣ ಕಂಡ್ರೆ ಸಾಕಲ್ರಿ."

ದಾಸಣ್ಣ ಗಾಜಿನ ಮೇಲೆ ಬಾಗಿ, ಬಲದಿಂದ ಎಡಕ್ಕೆ ಗೀಚತೊಡಗಿದ. ವೀರಾಚಾರಿ ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದ. "ಅಕ್ಷರ ಎಲ್ಲ ತಿರುಗ್ಯಾವಲ್ರಿ?"

"ಕಾಗದಕ್ಕೆ ಇಳಿದಾಗ ನೆಟ್ಟಗಾಗ್ತವೆ. ಓದ್ರಿ."

ಆಚಾರಿ ಹಿಂದುಮುಂದಾದ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದ: 'ಕಡೆದವರು ತಾಳ್ಯದ ವೀರಾಚಾರಿ.' ಉಳಿ ಹಿಡಿದು ಜಡ್ಡುಗಟ್ಟಿದ ಅವನ ಬೆರಳು ಗಾಜಿನ ಹತ್ತಿರ ಹೋಗಿ, ಮುಟ್ಟಲಾರದೆ ನಿಂತಿತು.

"ಮತ್ತೆ ನಿಮ್ಮ ಹೆಸ್ರು ಎಲ್ಲೈತ್ರಿ?"

ದಾಸಣ್ಣ ಸೂಜಿ ಕೆಳಗಿಟ್ಟ.

"ಐತ್ರಿ. ಹೊಟ್ಟೆ ಅಡಿ."