ಮೇಷ್ಟ್ರ ಮಾನಪತ್ರ

ಒಂಬತ್ತನೇ ತರಗತಿಯಲ್ಲಿ ಅವಳು ತೀರಿಕೊಂಡ ಅಮ್ಮನ ಬಗ್ಗೆ ಪ್ರಬಂಧ ಬರೆದಿದ್ದಳು. ಕನ್ನಡ ಮೇಷ್ಟ್ರು ಅದನ್ನು ತರಗತಿಯ ಎದುರು ಗಟ್ಟಿಯಾಗಿ ಓದುತ್ತ, ವಿಶೇಷಣ ಬಂದಲ್ಲೆಲ್ಲ ಕೆಂಪು ಗೀಟು ಎಳೆದರು.

"ಮುದ್ದಿನ, ಬೆಚ್ಚನೆಯ, ತಂಪಾದ. ಇವೆಲ್ಲ ಯಾಕೆ? ಮಾಡಿದ್ದನ್ನ ಮಾತ್ರ ಬರೀಬೇಕು. ಈಗ ನಿಮ್ಮಮ್ಮಂದು ಎಷ್ಟು ಉಳೀತು ನೋಡು. ಎರಡೇ ಸಾಲು."

ತರಗತಿಯೆಲ್ಲ ನಕ್ಕಿತು.

ಇಪ್ಪತ್ತು ವರ್ಷದ ನಂತರ ಅವಳು ಅದೇ ಶಾಲೆಯಲ್ಲಿ ಶಿಕ್ಷಕಿ. ಮೇಷ್ಟ್ರ ಬೀಳ್ಕೊಡುಗೆಗೆ ಮಾನಪತ್ರ ಬರೆಯುವ ಕೆಲಸವನ್ನು ತಾನಾಗಿಯೇ ಕೇಳಿ ಪಡೆದಳು.

ಪೇಟ, ಶಾಲು, ಹಾರ ಎಲ್ಲ ಆದ ಮೇಲೆ ಮೇಷ್ಟ್ರು ವೇದಿಕೆಯಲ್ಲೇ ಅವಳತ್ತ ಬಾಗಿದರು.

"ಚೆನ್ನಾಗಿ ಬರ್ದಿದೀಯ ತಾನೇ ಅಮ್ಮ? ಬೀಗರೆಲ್ಲ ಬಂದಿದಾರೆ."

"ನೀವು ಹೇಳ್ಕೊಟ್ಟ ಹಾಗೇ ಬರ್ದಿದೀನಿ ಸಾರ್. ವಿಶೇಷಣ ಒಂದೂ ಇಲ್ಲ. ಮಾಡಿದ್ದು ಮಾತ್ರ."

ಮೇಷ್ಟ್ರ ನಗು ಅರ್ಧಕ್ಕೇ ನಿಂತಿತು. "ಇಂಥದಕ್ಕೆಲ್ಲ ಸ್ವಲ್ಪ ಇರ್ಬೇಕಮ್ಮ."

ಅವಳು ಗಾಜಿನ ಚೌಕಟ್ಟು ಹಾಕಿಸಿದ ಮಾನಪತ್ರವನ್ನು ಎತ್ತಿ ಹಿಡಿದು, ಮೈಕಿನ ಮುಂದೆ ನಿಧಾನವಾಗಿ ಓದಿದಳು:

"ಇವರು ಮೂವತ್ತೊಂದು ವರ್ಷ ಶಾಲೆಗೆ ಬಂದರು. ಇಂದು ನಿವೃತ್ತರಾದರು."