ಒಂಬತ್ತು ಬಿಲ್ಲೆಗಳು

ಪಟ್ಟಿಯಲ್ಲಿ ಒಂಬತ್ತೇ ಹೆಸರಿದ್ದವು. ಕೆತ್ತನೆಯವನ ಅಂಗಡಿ ಬಾಗಿಲಲ್ಲಿ ನಿಂತು ಅವಳು ಮತ್ತೊಮ್ಮೆ ಎಣಿಸಿದಳು. ಇಸ್ತ್ರಿ ಮಾಮ, ಒಗೆಯುವ ಅಣ್ಣತಮ್ಮಂದಿರು ಇಬ್ಬರು, ಕಲೆ ತೆಗೆಯುವ ಅಕ್ಕ, ಬಾಯ್ಲರಿನ ಮುದುಕ, ಬಟ್ಟೆ ಮಡಿಸುವ ಹೆಂಗಸರು ಮೂವರು, ವ್ಯಾನಿನ ಡ್ರೈವರ್. ಲಾಂಡ್ರಿಯಲ್ಲಿ ದುಡಿಯುವವರು ಹತ್ತು ಜನ. ಬಿಟ್ಟುಹೋದದ್ದು ಅವಳ ಹೆಸರೊಂದೇ.

ಹನ್ನೊಂದು ವರ್ಷದಿಂದ ಕೌಂಟರಿನಲ್ಲಿ ಕೂತು ಬಟ್ಟೆಗಳಿಗೆ ಚೀಟಿ ಬರೆಯುತ್ತಿದ್ದವಳು ಅವಳು. ಎಲ್ಲರ ಬಾಯಲ್ಲೂ ಚೀಟಿಯಕ್ಕ. ಯಾರ ಅಂಗಿಯ ಎಷ್ಟನೇ ಗುಂಡಿ ಸಡಿಲ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಬೆಳಿಗ್ಗೆ ಮಾಲೀಕರು ಈ ಪಟ್ಟಿಯನ್ನು ಕೈಗಿಟ್ಟು, "ಹೆಸರು ಕೆತ್ತಿದ ಮರದ ಬಿಲ್ಲೆ ಮಾಡಿಸಬೇಕು. ಮರ, ಅಕ್ಷರ ಎಲ್ಲಾ ನೀನೇ ಆರಿಸು. ಉಳಿದವರ ಕಿವಿಗೆ ಈಗಲೇ ಬೀಳೋದು ಬೇಡ" ಎಂದಿದ್ದರು. ಅವಳು ಬೀದಿ ತಿರುವಿನಲ್ಲಿ ಪಟ್ಟಿ ಬಿಡಿಸಿ ನೋಡಿದ್ದಳು.

ಕೆತ್ತನೆಯವ ಮರದ ತುಂಡುಗಳನ್ನು ಸಾಲಾಗಿ ಇಟ್ಟ. ಪಂಕ್ತಿಯಲ್ಲಿ ಜಾಗವಿಲ್ಲದವಳು ಬಡಿಸಲು ನಿಂತಂತಾಯಿತು ಅವಳ ಪಾಡು. ಹಾಗೆಂದು ಕೆಟ್ಟದ್ದನ್ನು ಆರಿಸಲು ಕೈ ಬರಲಿಲ್ಲ. ಬೀಟೆ ಇರಲಿ ಎಂದಳು. ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿ, ಅಕ್ಷರ ಆಳವಾಗಿರಲಿ, ಬಾಯ್ಲರಿನ ಮುದುಕನಿಗೆ ಕಣ್ಣು ಮಂಜು, ಅವನದು ಸ್ವಲ್ಪ ದಪ್ಪಗಿರಲಿ.

"ಹಿಂದೆ ಪಿನ್ನು ಹಾಕಲಾ, ಅಯಸ್ಕಾಂತ ಹಾಕಲಾ?"

ಅವಳು ಮಾಲೀಕರಿಗೆ ಫೋನ್ ಮಾಡಿದಳು. "ಎರಡೂ ಬೇಡ. ಫೋನು ಅವರ ಕೈಗೆ ಕೊಡು" ಎಂದರು. ಕೆತ್ತನೆಯವ ಫೋನು ಹಿಡಿದು ಒಳಗೆ, ಮರದ ಹೊಟ್ಟಿನ ರಾಶಿಯ ಆಚೆಗೆ ಹೋದ. ಬಂದಾಗ ಬರೀ "ಗುರುವಾರ ಬನ್ನಿ" ಎಂದ. ಪಿನ್ನಿಲ್ಲದ ಬಿಲ್ಲೆ ಎದೆಯ ಮೇಲೆ ನಿಲ್ಲುವುದು ಹೇಗೆ ಎಂದು ಕೇಳುವಷ್ಟು ಮನಸ್ಸೂ ಅವಳಿಗಿರಲಿಲ್ಲ.

ಲಾಂಡ್ರಿಗೆ ಮರಳಿದ ಮೇಲೆ ಹಳೆಯದೆಲ್ಲ ಒಂದೊಂದಾಗಿ ಚುಚ್ಚತೊಡಗಿತು. ಹೋದ ತಿಂಗಳು ಕೌಂಟರಿಗೆ ಕಂಪ್ಯೂಟರ್ ತಂದಿಟ್ಟು ಮಾಲೀಕರು, "ಚೀಟಿ ಬರೆಯೋ ಕಾಲ ಮುಗೀತು" ಎಂದು ನಕ್ಕಿದ್ದರು. ಮೊನ್ನೆ ಇಬ್ಬರು ಅಪರಿಚಿತರು ಟೇಪು ಹಿಡಿದು ಯಂತ್ರಗಳ ಸುತ್ತ ಓಡಾಡಿ, ಕೊನೆಗೆ ಅವಳ ಕೌಂಟರಿನ ಮುಂದೆ ನಿಂತು, "ಇದು?" ಎಂದು ಕೇಳಿದ್ದರು.

"ಇದನ್ನು ಬಿಡಿ" ಎಂದಿದ್ದರು ಮಾಲೀಕರು. ಅವಳ ಮುಖವನ್ನೂ ನೋಡದೆ.

ಎರಡು ದಿನ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಯಾರದೋ ಕೋಟಿಗೆ ಯಾರದೋ ನಂಬರು ಹಾಕಿದಳು. ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಇಸ್ತ್ರಿ ಮಾಮ, "ಏನಕ್ಕ, ಜ್ವರವಾ?" ಎಂದ. ಅವನ ಹೆಸರು ಪಟ್ಟಿಯಲ್ಲಿ ಮೊದಲನೆಯದು. ಅವಳು ಬಗ್ಗಿ ಆ ಕೋಟಿನ ಚೀಟಿ ಕಿತ್ತಳು.

ಮನೆಯಲ್ಲಿ ಅತ್ತೆ ಮಾತ್ರ ಎಲ್ಲ ಕೇಳಿಸಿಕೊಂಡರು. ಅವರು ಒಂದು ಕಾಲಕ್ಕೆ ಗಿರಣಿಯಲ್ಲಿ ದುಡಿದವರು.

"ನನ್ನನ್ನ ಬಿಡಿಸಿದ ದಿನ ಗೇಟಿನವನು ಚೀಲ ತಡಕಾಡಿ ಕಳಿಸಿದ. ಇಪ್ಪತ್ತು ವರ್ಷ ನಮಸ್ಕಾರ ಹೊಡೀತಿದ್ದವನು" ಎಂದರು. "ದೂಡಿಸಿಕೊಂಡು ಇಳಿಯೋದಕ್ಕಿಂತ ನಾವಾಗೇ ಇಳಿಯೋದು ಲೇಸು ಕಣೇ. ಮಂಡಿ ಆದರೂ ಉಳಿಯುತ್ತೆ."

"ಮಗಳ ಓದು ಇನ್ನೂ ಎರಡು ವರ್ಷ ಇದೆ, ಅತ್ತೆ."

"ಟೈಲರ್ ಅಂಗಡಿಯಲ್ಲಿ ಗುಂಡಿ ಹಚ್ಚೋಕೆ ಜನ ಬೇಕಂತೆ. ಗಂಜಿ ಕುಡಿದರೂ ತಲೆ ಎತ್ತಿಕೊಂಡು ಕುಡಿಯೋಣ."

ಗುರುವಾರ ಬೆಳಿಗ್ಗೆ ಅವಳು ರಾಜೀನಾಮೆಯನ್ನು ಮಾಲೀಕರ ಮೇಜಿನ ಮೇಲಿಟ್ಟಳು. ಅವರು ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು.

"ನೀನೂನಾ?"

"ಹೌದು ಸಾರ್."

"ಯಾರಾದರೂ ಏನಾದರೂ ಹೇಳಿದರಾ?"

"ಹೇಳೋದೇನಿದೆ ಸಾರ್. ಆ ಪಟ್ಟಿ ನೋಡಿದರೇ ಅರ್ಥ ಆಗುತ್ತೆ."

ಅವರು ತಲೆ ತಗ್ಗಿಸಿದರು. "ಅರ್ಥ ಆದಮೇಲೂ ಹೋಗ್ತೀನಿ ಅಂದರೆ, ತಡೆಯೋ ಮುಖ ನನಗಿಲ್ಲಮ್ಮ."

ಅವಳು ಬಾಗಿಲು ದಾಟುವ ಮೊದಲೇ ಅವರು ಅಣ್ಣನ ಮಗಳಿಗೆ ಫೋನ್ ಹಚ್ಚಿದ್ದರು. "ಕೌಂಟರಿಗೆ ನೀನೇ ಬರಬೇಕು ಕಣಮ್ಮ. ನಾಳೆಯಿಂದಲೇ." ಹ್ಞಾಂ, ಎಲ್ಲ ಮೊದಲೇ ಗೊತ್ತುಮಾಡಿಟ್ಟಿದ್ದಾರೆ ಎಂದುಕೊಂಡಳು. ಅತ್ತೆ ಹೇಳಿದ್ದು ಸುಳ್ಳಲ್ಲ. ಆದರೂ ಆರಿಸಿದ ಕೈಯಲ್ಲೇ ಬಿಲ್ಲೆಗಳನ್ನು ತಂದುಕೊಟ್ಟು ಹೋಗೋಣ ಎನ್ನಿಸಿತು. ಕೆಲಸ ಅರ್ಧಕ್ಕೆ ಬಿಟ್ಟು ಅಭ್ಯಾಸವಿರಲಿಲ್ಲ.

ಕೆತ್ತನೆಯವ ಒಂಬತ್ತನ್ನೂ ಬಟ್ಟೆಯ ಮೇಲೆ ಜೋಡಿಸಿಟ್ಟಿದ್ದ. ಎಣ್ಣೆ ಕುಡಿದ ಬೀಟೆ ಮಿರಮಿರ ಮಿಂಚುತ್ತಿತ್ತು.

"ಇನ್ನೊಂದನ್ನ ಸಂಜೆಗೆ ಕೊಡ್ತೀನಿ. ನಿಮ್ಮ ಮಾಲೀಕರು ಈಗಷ್ಟೇ ಫೋನ್ ಮಾಡಿ ಹೇಳಿದರು" ಎಂದು ಅವನು ಒಂದು ತುಂಡು ಕಾಗದದಿಂದ ಹೆಸರು ಓದಿದ.

ಅವಳದೇ ಹೆಸರು. ಚೀಟಿಯಕ್ಕನಲ್ಲ, ಹೆತ್ತವರು ಇಟ್ಟದ್ದು.

ಅವಳ ಎದೆಯ ಮೇಲಿನ ಕಲ್ಲು ಜಾರಿತು. ಮನಸ್ಸು ಬದಲಿಸಿದ್ದಾರೆ. ಓಡಿಹೋಗಬೇಕು, ಆ ರಾಜೀನಾಮೆ ಹರಿದು ಹಾಕಬೇಕು, ತಪ್ಪಾಯಿತು ಸಾರ್ ಎನ್ನಬೇಕು. ಅವಳು ಆಗಲೇ ಬಾಗಿಲ ಕಡೆ ತಿರುಗಿದ್ದಳು.

"ತಾಳಿ, ಹಿಂದಿನ ಬರಹ ಸರಿಯಿದೆಯಾ ನೋಡಿಬಿಡಿ." ಕೆತ್ತನೆಯವ ಇಸ್ತ್ರಿ ಮಾಮನ ಬಿಲ್ಲೆಯನ್ನು ಮಗುಚಿದ. ನುಣ್ಣನೆಯ ಮರದಲ್ಲಿ ಸಣ್ಣ ಅಕ್ಷರ: ಇಷ್ಟು ವರ್ಷ ಜೊತೆಗಿದ್ದಿರಿ, ನಿಮ್ಮ ಋಣ ದೊಡ್ಡದು. ಅದರ ಕೆಳಗೆ ಅವನು ಕೆಲಸಕ್ಕೆ ಸೇರಿದ ವರ್ಷ, ಒಂದು ಗೆರೆ, ಆಮೇಲೆ ಈ ವರ್ಷ.

"ಯಂತ್ರಗಳನ್ನೆಲ್ಲ ಮಾರಿಬಿಟ್ಟರಂತೆ, ಪಾಪ. ತಿಂಗಳ ಕೊನೆಗೆ ಕೌಂಟರ್ ಒಂದೇ ಉಳಿಯೋದಂತೆ, ಬಟ್ಟೆ ಬೇರೆ ಕಡೆ ಒಗೆಸ್ತಾರಂತೆ. ಹೋಗೋರನ್ನ ಬರಿಗೈಯಲ್ಲಿ ಕಳಿಸಬಾರದು ಅಂತ ಈ ಕಾಣಿಕೆ" ಎಂದು ಅವನು ಉಳಿದವನ್ನೂ ಮಗುಚುತ್ತ ಹೋದ. "ಈ ಹತ್ತನೆಯವರನ್ನ ಮಾತ್ರ ಕಳಿಸೋ ಯೋಚನೆ ಇರಲಿಲ್ಲವಂತೆ. ಇವತ್ತು ಅವರಾಗೇ ಬಿಟ್ಟರಂತೆ."